ಹಿತ್ತಿಲ ಕುಂಟೆ: ಜಾಗ ತಪ್ಪಿದ್ದರೆ ಸ್ಥಳ ಬದಲಿಸುವುದೇ ಲೇಸು

ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳ ರೈತರಿಗೆ ನೀರಿನ ಬೆಲೆ ಏನೆಂಬುದನ್ನು ಹೊಸದಾಗಿ ಹೇಳಬೇಕಾದ್ದಿಲ್ಲ. ಪಾಲಾರ್ ಹೆಸರಿಗೆ ನದಿ. ವರ್ಷದ ಹೆಚ್ಚು ದಿನ ಅದರ ಪಾತ್ರದಲ್ಲಿ ಮರಳೇ ಕಾಣುವುದು. ಸಾವಿರ ಅಡಿ ದಾಟಿಸಿ ಕೊರೆಸಿದ ಕೊಳವೆ ಬಾವಿಗಳು ಬತ್ತಿವೆ. ನೀರು ಸಿಕ್ಕ ಎಷ್ಟೋ ಕಡೆ ಫ್ಲೋರೈಡಿನ ಕಾಟ. ಆದರೂ ಈ ಸೀಮೆಗೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. ಇದರಲ್ಲಿ ಒಂದು ಪಾಲನ್ನು ಮನೆಯ ಹಿಂದೆಯೇ ಹಿಡಿದಿಟ್ಟು ಕೈತೋಟ ಬೆಳೆಸಬೇಕೆಂಬ ಆಸೆ ಈಗ ಅನೇಕರಲ್ಲಿ ಹುಟ್ಟಿದೆ. 2014ರಲ್ಲಿ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲದಲ್ಲಿ ಹೊಂಡ ತೋಡಿ ಹಾಳೆ ಹಾಸುವುದನ್ನು ಎಲ್ಲರೂ ಕಂಡಿದ್ದಾರೆ. ಅದರ ಚಿಕ್ಕ ರೂಪವೇ ಹಿತ್ತಿಲ ಕುಂಟೆ.

ಇಂತಹ ಕುಂಟೆಗಳು ಕೆಡುವುದು ಅಳತೆ ತಪ್ಪಿದ್ದರಿಂದಲ್ಲ, ಜಾಗ ತಪ್ಪಿದ್ದರಿಂದ. ಜಾಗ ತಪ್ಪಿದೆಯೆಂದು ತಿಳಿದ ಮೇಲೂ ಅದನ್ನು ಬಿಡಲೊಲ್ಲದೆ ವರ್ಷ ವರ್ಷ ತೇಪೆ ಹಾಕುತ್ತಾ ಕೂರುವುದು ಎರಡನೆಯ ತಪ್ಪು. ಎರಡನ್ನೂ ನಾನೇ ಮಾಡಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಬಂಗಾರಪೇಟೆಗೆ ಸಮೀಪದ ಹಳ್ಳಿಯಲ್ಲಿ ನಮ್ಮ ಮನೆ. ಬೇಸಾಯ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು ನಾನು, ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಹಿತ್ತಿಲ ಹುಣಸೆ ಮರದ ಬಳಿ, ಅಡುಗೆ ಮನೆ ಗೋಡೆಗೆ ಐದಾರು ಅಡಿ ದೂರದಲ್ಲಿ ಕುಂಟೆ ತೋಡಿಸಿದೆ. ನೆರಳಿತ್ತು, ಬಾಗಿಲಿಂದ ಕಾಣುತ್ತಿತ್ತು, ಪಾತ್ರೆ ತೊಳೆಯಲು ಹತ್ತಿರವಾಗಿತ್ತು. ನಮ್ಮ ತಾಯಿ ಅಂದೇ ಒಂದು ಮಾತು ಹೇಳಿದರು: "ನೀನು ಬಿಸಿಲಲ್ಲಿ ನಿಂತು ಜಾಗ ನೋಡ್ತಾ ಇದ್ದೀಯಪ್ಪ. ಮಳೇಲಿ ಬಂದು ನೋಡು, ನೀರು ಇತ್ತ ಬರೋದೇ ಇಲ್ಲ." ನಾನು ಕೇಳಲಿಲ್ಲ.

ಮಳೆ ಬಂತು. ಅಂಗಳದ ನೀರೆಲ್ಲ ಎದುರು ಮೂಲೆಗೆ ಹರಿದು ಬೇಲಿ ದಾಟಿ ಹೋಯಿತು. ಕುಂಟೆ ಇದ್ದ ಜಾಗ ಅದಕ್ಕಿಂತ ಒಂದು ಗೇಣು ಎತ್ತರವಿತ್ತು. ಮರುವರ್ಷ ಕಾಲುವೆ ತೋಡಿದೆವು. ಅದರಲ್ಲಿ ನೀರಿಗಿಂತ ಹೂಳೇ ಹೆಚ್ಚು ಬಂತು. ಹುಣಸೆ ಎಲೆ ಬಿದ್ದು ಕೊಳೆತು ನೀರು ಕಪ್ಪಾಯಿತು. ಬೇರು ಹಾಳೆಯನ್ನು ತೂತು ಮಾಡಿತು. ಇಂಗಿದ ನೀರಿನಿಂದ ಅಡುಗೆ ಮನೆ ಗೋಡೆ ಶೀತ ಹಿಡಿಯಿತು. ಇಷ್ಟಾದರೂ ಮೂರು ವರ್ಷ ಬಿಡಲಿಲ್ಲ. ಮೂರನೆಯ ವರ್ಷ ನನ್ನ ತಂಗಿಯ ನಾಲ್ಕು ವರ್ಷದ ಮಗಳು ಅಂಚಿನಲ್ಲಿ ಜಾರಿದಳು. ತಾಯಿ ಅಲ್ಲೇ ಇದ್ದು ಲಂಗದ ತುದಿ ಹಿಡಿದು ಎಳೆದುಕೊಂಡರು. ಅಂದು ಸಂಜೆಯೇ ಕುಂಟೆಯನ್ನು ಅಲ್ಲಿಂದ ತೆಗೆಯುವುದೆಂದು ತೀರ್ಮಾನವಾಯಿತು.

ಜಾಗ ಆರಿಸುವ ಕೆಲಸ ಮಳೆಗಾಲದ್ದು. ಜೋರು ಮಳೆಯ ಮಧ್ಯೆ ಕೊಡೆ ಹಿಡಿದು ಹೊರಗೆ ಹೋಗಿ, ನೀರು ಹರಿಯುವ ದಾರಿಗೆ ಗೂಟ ಹೊಡೆಯಬೇಕು. ಮಳೆ ನಿಂತ ಮೇಲೆ ರಾಗಿ ಹೊಟ್ಟು, ಒಣ ಎಲೆ ಎಲ್ಲಿ ಗೆರೆ ಕಟ್ಟಿ ನಿಂತಿದೆ ನೋಡಬೇಕು. ಅನುಮಾನವಿದ್ದರೆ ಗಾರೆ ಕೆಲಸದವರು ಬಳಸುವ ನೀರು ತುಂಬಿದ ಕೊಳವೆಯಿಂದ ಮಟ್ಟ ನೋಡಬಹುದು. ಆದರೆ ಹಿತ್ತಿಲಿನ ಅತಿ ತಗ್ಗಾದ ಜಾಗವೂ ಬೇಡ. ಅಲ್ಲಿ ಬಚ್ಚಲ ನೀರು, ಕೊಟ್ಟಿಗೆಯ ಗಂಜಲ ಎಲ್ಲವೂ ಸೇರುತ್ತವೆ. ತುಂಬಿದಾಗ ಹೆಚ್ಚಿನ ನೀರು ಹೊರಹೋಗಲು ಕೋಡಿಗೆ ಇಳಿಜಾರು ಸಿಗುವುದಿಲ್ಲ. ತಗ್ಗಿಗಿಂತ ತುಸು ಮೇಲೆ, ಶೌಚದ ಗುಂಡಿ ಮತ್ತು ತಿಪ್ಪೆ ಕೆಳಗಿನ ದಿಕ್ಕಿಗೆ ಬರುವಂತೆ, ಗೋಡೆಯಿಂದ ಕನಿಷ್ಠ 10 ಅಡಿ ದೂರದಲ್ಲಿ ಇರಬೇಕು. ದೊಡ್ಡ ಮರದ ಬುಡದಿಂದ ಅದಕ್ಕೂ ಹೆಚ್ಚು ದೂರವಿರಲಿ. ನೀರು ಒಳಬರುವ ಕಡೆ ಎರಡು ಅಡಿ ಚೌಕದ ಹೂಳು ಗುಂಡಿ ಬೇಕೇ ಬೇಕು.

ಈಗ ಲೆಕ್ಕಕ್ಕೆ ಬರೋಣ. ಮೇಲೆ 4 ಮೀಟರ್ ಚೌಕ, ತಳದಲ್ಲಿ 1 ಮೀಟರ್ ಚೌಕ, ಆಳ ಒಂದೂವರೆ ಮೀಟರ್ ಇರುವ ಕುಂಟೆಯಲ್ಲಿ ಸುಮಾರು 10,500 ಲೀಟರ್ ನೀರು ಹಿಡಿಯುತ್ತದೆ. 100 ಚದರ ಮೀಟರ್, ಅಂದರೆ ಹನ್ನೊಂದು ಚದರದಷ್ಟು ಮನೆಯ ಛಾವಣಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ, ಪೋಲು ಕಳೆದು 4,000 ಲೀಟರ್ ಸಿಗುತ್ತದೆ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳಿನ ಅಂತಹ ಮೂರು ಮಳೆ ಸಾಕು, ಕುಂಟೆ ತುಂಬಿ ಕೋಡಿ ಬೀಳುತ್ತದೆ. ಆದ್ದರಿಂದ ಅಂಗಳದ ಕೆಮ್ಮಣ್ಣು ನೀರನ್ನು ನಂಬುವುದಕ್ಕಿಂತ ಛಾವಣಿಯ ನೀರನ್ನು ಕೊಳವೆಯಲ್ಲಿ ತರುವುದು ಮೇಲು. ಜಾಗ ಆರಿಸುವಾಗ ಈ ಕೊಳವೆಯ ದಾರಿಯನ್ನೂ ಗಮನಿಸಬೇಕು.

ಖರ್ಚಿನ ಕಡೆ ನೋಡಿ. 20 ಚದರ ಮೀಟರ್ ಸೊಪ್ಪು ತರಕಾರಿ ಮಡಿಗೆ ಚಳಿಗಾಲದಲ್ಲಿ ದಿನಕ್ಕೆ 80 ಲೀಟರ್ ಸಾಕು. ತುಂಬಿದ ಕುಂಟೆಯ ಮೇಲ್ಮೈಯಿಂದ ಅದೇ ಕಾಲದಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ಆವಿಯಾಗುತ್ತದೆ. ಬೇಸಿಗೆಯಲ್ಲಿ ಆವಿಯಾಗುವುದು ದಿನಕ್ಕೆ 6ರಿಂದ 8 ಮಿಲಿಮೀಟರ್. ಆಗ ಕುಂಟೆಯಲ್ಲಿ ನೀರಿದ್ದರೆ ಸೊಪ್ಪಿನ ಮಡಿಗಿಂತ ಆಕಾಶವೇ ಹೆಚ್ಚು ಕುಡಿಯುತ್ತದೆ. ಹಾಗಾಗಿ ನೆರಳು ಬೇಕು, ಆದರೆ ಮರದ ನೆರಳಲ್ಲ. ಪಶ್ಚಿಮದ ಅಂಚಿಗೆ ಚಪ್ಪರ ಹಾಕಿ ಹೀರೆ, ಸೋರೆ, ಅವರೆ ಹಬ್ಬಿಸಿದರೆ ಮಧ್ಯಾಹ್ನದ ಬಿಸಿಲೂ ಗಾಳಿಯೂ ತಗ್ಗುತ್ತವೆ. ಇಷ್ಟು ಮಾಡಿದರೆ ಅಕ್ಟೋಬರ್ ಕೊನೆಗೆ ತುಂಬಿದ ಕುಂಟೆ ಕೈತೋಟವನ್ನು ಸಂಕ್ರಾಂತಿ ದಾಟಿಸುತ್ತದೆ. ವರ್ಷವಿಡೀ ನೀರು ಕೊಡುತ್ತದೆಂದು ಹೇಳುವವರನ್ನು ನಂಬಬೇಡಿ.

ಕೆ.ಜಿ.ಎಫ್. ಪಟ್ಟಣದವರಿಗೆ ಬೇರೆಯದೇ ಎಚ್ಚರಿಕೆ ಬೇಕು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆದರೆ ಅದಿರನ್ನು ಅರೆದು ಸೈನೈಡಿನಿಂದ ಚಿನ್ನ ತೆಗೆದು ಉಳಿದ ನುಣ್ಣನೆಯ ಮಣ್ಣಿನ ಗುಡ್ಡಗಳು ಹಾಗೆಯೇ ನಿಂತಿವೆ. ಗಾಳಿ ಬೀಸಿದರೆ ಅದರ ಧೂಳು ಛಾವಣಿಗಳ ಮೇಲೆ ಕೂರುತ್ತದೆ. ಈ ಗುಡ್ಡಗಳ ಕಡೆಯಿಂದ ಹರಿದು ಬರುವ ನೀರನ್ನು ಯಾವ ಕಾರಣಕ್ಕೂ ಕುಂಟೆಗೆ ಬಿಡಬಾರದು. ಛಾವಣಿಯ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಹರಿಸಬೇಕು. ಗುಡ್ಡದ ಮಣ್ಣನ್ನು ತಂದು ಒಡ್ಡಿಗೆ ಹಾಕುವುದೂ ಸಲ್ಲದು. ಗಣಿ ಕಾಲದ ಲೈನ್ ಮನೆಗಳಲ್ಲಿ ಇರುವವರು ನೆಲ ಅಗೆಯುವುದಕ್ಕಿಂತ ನೆಲದ ಮೇಲೆ ಸಿಮೆಂಟ್ ತೊಟ್ಟಿ ಕಟ್ಟಿಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ.

ಸ್ಥಳಾಂತರಕ್ಕೆ ಫೆಬ್ರವರಿ, ಮಾರ್ಚ್ ತಿಂಗಳು ಸೂಕ್ತ. ತಳದಲ್ಲಿ ಒಂದು ಅಡಿ ನೀರು ಉಳಿದಿರುತ್ತದೆ, ಕೂಲಿಯವರೂ ಸಿಗುತ್ತಾರೆ. ಹೊಸ ಗುಂಡಿಯನ್ನು ಮೊದಲು ತೋಡಬೇಕು. ಮೇಲಿನ ಒಂದು ಅಡಿ ಒಳ್ಳೆಯ ಮಣ್ಣನ್ನು ಬೇರೆ ರಾಶಿ ಹಾಕಿ, ಕೆಳಗಿನ ಗರಸನ್ನು ಹಳೆಯ ಗುಂಡಿ ಮುಚ್ಚಲು ಬಳಸಬೇಕು. ಒಮ್ಮೆಗೇ ಸುರಿಯದೆ, ಅರ್ಧ ಅಡಿಗೊಮ್ಮೆ ನೀರು ಚಿಮುಕಿಸಿ ದಿಮ್ಮಸು ಹೊಡೆಯಬೇಕು. ನಮ್ಮಲ್ಲಿ ನಾಲ್ಕು ಆಳು ಮೂರು ದಿನದಲ್ಲಿ ಮುಗಿಸಿದರು. ಮೂರು ವರ್ಷ ತೇಪೆಗೆ ಕೊಟ್ಟ ಕೂಲಿ ಇದಕ್ಕಿಂತ ಹೆಚ್ಚಾಗಿತ್ತು.

ಹಳೆಯ ಹಾಳೆಯನ್ನು ಮತ್ತೆ ಬಳಸುವ ಆಸೆ ಎಲ್ಲರಿಗೂ ಇರುತ್ತದೆ. ನೀರಿನೊಳಗಿದ್ದ ಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಬಿಸಿಲಿಗೆ ಸಿಕ್ಕ ಅಂಚು ಮಡಿಸಿದರೆ ಸೀಳುತ್ತದೆ. ಮೇಲೆ ಹೇಳಿದ ಅಳತೆಗೆ ಆರೂವರೆ ಮೀಟರ್ ಚೌಕದ ಹಾಳೆ ಬೇಕಾಗುವುದರಿಂದ, ಅಂಚು ಕತ್ತರಿಸಿದ ಹಳೆಯ ಹಾಳೆ ಸಾಲುವುದಿಲ್ಲ. ಅದನ್ನು ಕೆಳಗೆ ಮೆತ್ತೆಯಾಗಿ ಹಾಸಿ ಮೇಲೆ ಹೊಸದನ್ನು ಹಾಕುವುದು ಉತ್ತಮ.

ಮೀನುಗಳ ವಿಷಯ. 1990ರ ದಶಕದಲ್ಲಿ ಇದೇ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಸಂಶೋಧಕರು ಬಾವಿ ಕುಂಟೆಗಳಿಗೆ ಗಪ್ಪಿ, ಗಾಂಬೂಸಿಯಾ ಮೀನು ಬಿಟ್ಟು ಮಲೇರಿಯಾ ಸೊಳ್ಳೆಯ ಮರಿಗಳನ್ನು ಹತೋಟಿಗೆ ತಂದದ್ದನ್ನು ಹಿರಿಯರು ಮರೆತಿರಲಾರರು. ಹಿತ್ತಿಲ ಕುಂಟೆಗೆ ಹತ್ತಿಪ್ಪತ್ತು ಗಪ್ಪಿ ಸಾಕು. ಸ್ಥಳ ಬದಲಿಸುವಾಗ ಸಂಜೆ ತಂಪಿನಲ್ಲಿ, ಹಳೆಯ ನೀರಿನೊಂದಿಗೇ ಅಗಲ ಬಾಯಿಯ ಪಾತ್ರೆಗೆ ಹಾಕಿ ನೆರಳಲ್ಲಿಡಬೇಕು. ಹೊಸ ಕುಂಟೆಗೆ ಆ ಹಳೆಯ ನೀರನ್ನೇ ಮೊದಲು ಸುರಿದರೆ ಮೀನು ಸಾಯುವುದು ಕಡಮೆ. ಕೋಡಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ; ಈ ಪರದೇಶದ ಮೀನುಗಳು ಕೆರೆ ಸೇರಿದರೆ ನಮ್ಮ ಸ್ಥಳೀಯ ಮೀನುಗಳಿಗೆ ತೊಂದರೆ.

ಬೇಲಿಯನ್ನು ಕೊನೆಗೆ ಹಾಕೋಣವೆಂದು ಬಿಡುವುದು ನಮ್ಮವರ ವಾಡಿಕೆ. ಇದನ್ನು ನಾನು ಒಪ್ಪುವುದಿಲ್ಲ. ಒದ್ದೆಯಾದ ಹಾಳೆಯ ಮೇಲೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ, ಮಕ್ಕಳ ಪಾಡೇನು? ನೀರು ಬಿಡುವ ಮುನ್ನ ಐದಡಿ ಎತ್ತರದ ತಂತಿ ಬೇಲಿ, ಅಗುಳಿ ಇರುವ ಗೇಟು, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇರಬೇಕು. ನಾವು ಕೊಡುವ ತರಬೇತಿಗಳಲ್ಲಿ ಉದ್ದ, ಅಗಲ, ಆಳವನ್ನು ವಿವರವಾಗಿ ಹೇಳಿ, ಜಾಗ ಮತ್ತು ಬೇಲಿಯ ವಿಷಯವನ್ನು ಒಂದೊಂದು ವಾಕ್ಯದಲ್ಲಿ ಮುಗಿಸುವುದುಂಟು. ಅದು ವಿಜ್ಞಾನಿಗಳಾದ ನಮ್ಮ ಲೋಪ.

ನಮ್ಮ ಹಿತ್ತಿಲಲ್ಲಿ ಹಳೆಯ ಗುಂಡಿಯ ಜಾಗ ಈಗಲೂ ಸ್ವಲ್ಪ ಸ್ವಲ್ಪವೇ ಕುಸಿಯುತ್ತದೆ. ಪ್ರತಿ ಮಳೆಗಾಲ ಕಳೆದ ಮೇಲೆ ಎರಡು ಬಾಂಡಲಿ ಮಣ್ಣು ಹಾಕುತ್ತೇವೆ. ಅದರ ಮೇಲೆ ಏನನ್ನೂ ಕಟ್ಟಿಲ್ಲ. ತಾಯಿಯವರು ಕೆಸುವಿನ ಗೆಡ್ಡೆ ನೆಟ್ಟಿದ್ದಾರೆ.