ಸೋನಿ ಮತ್ತೆ ಹ್ಯಾಂಡ್‌ಹೆಲ್ಡ್ ತರಲಿ, ಆದರೆ ಒಂದು ಷರತ್ತು

ಪ್ಲೇಸ್ಟೇಷನ್ ತಯಾರಿಸುವ ಸೋನಿ, ಕೈಯಲ್ಲಿ ಹಿಡಿದು ಆಡುವ ಹ್ಯಾಂಡ್‌ಹೆಲ್ಡ್ ಗೇಮಿಂಗ್ ಮಾರುಕಟ್ಟೆಗೆ ಮತ್ತೆ ಬರಬೇಕೇ? ನಮ್ಮ ಕ್ಲಾಸಿನಲ್ಲಿ ಈ ಪ್ರಶ್ನೆ ಎದ್ದರೆ ಲ್ಯಾಬ್ ಮುಗಿದರೂ ವಾದ ಮುಗಿಯುವುದಿಲ್ಲ. ಬರಲಿ ಎನ್ನುವವರ ಗುಂಪಿನಲ್ಲಿ ನಾನೂ ಇದ್ದೇನೆ. ಆದರೆ ಅವರು ಕೊಡುವ ಕಾರಣಕ್ಕಲ್ಲ.

ಪಿಎಸ್5ನಷ್ಟೇ ಶಕ್ತಿಯ ಯಂತ್ರ ಬ್ಯಾಗಿನಲ್ಲಿರಬೇಕು ಎಂಬುದು ಅವರ ಆಸೆ. ಲೆಕ್ಕ ಹಾಕಿ ನೋಡಿ. ದೊಡ್ಡ ಆಟ ನಡೆಯುವಾಗ ಪಿಎಸ್5 ಸುಮಾರು 200 ವ್ಯಾಟ್ ವಿದ್ಯುತ್ ಎಳೆಯುತ್ತದೆ. ವಾಲ್ವ್ ಕಂಪನಿ 2022ರಲ್ಲಿ ತಂದ ಸ್ಟೀಮ್ ಡೆಕ್‌ನ ಬ್ಯಾಟರಿ 40 ವ್ಯಾಟ್-ಅವರ್. ಅದಕ್ಕೆ ಪಿಎಸ್5 ಜೋಡಿಸಿದರೆ ಹನ್ನೆರಡೇ ನಿಮಿಷದಲ್ಲಿ ಖಾಲಿ! ಬಿಸಿಯ ಮಾತು ಬೇರೆ. ಡೆಕ್‌ನ ಚಿಪ್ಪಿಗೆ 15 ವ್ಯಾಟ್ ಮಿತಿ ಹಾಕಿದ್ದರೂ ಭಾರೀ ಆಟಗಳಲ್ಲಿ ಚಾರ್ಜ್ ಎರಡು ಗಂಟೆ ಬಂದರೆ ಹೆಚ್ಚು.

1989ರ ನಿಂಟೆಂಡೊ ಗೇಮ್ ಬಾಯ್ ಪರದೆಗೆ ಬಣ್ಣವೂ ಇರಲಿಲ್ಲ, ಬೆಳಕೂ ಇರಲಿಲ್ಲ. ಮರುವರ್ಷ ಬಂದ ಸೆಗಾದ ಗೇಮ್ ಗಿಯರ್‌ಗೆ ಎರಡೂ ಇದ್ದವು. ಆದರೆ ಆರು ಸೆಲ್ ಹಾಕಿದರೂ ಕೆಲವೇ ಗಂಟೆ. ಗೆದ್ದದ್ದು ಗೇಮ್ ಬಾಯ್.

ಸೋನಿಯ ಕಥೆಯೂ ನೋಡುವಂತಿದೆ. 2004ರ ಪಿಎಸ್‌ಪಿ ಸುಮಾರು 8 ಕೋಟಿ ಮಾರಾಟವಾಯಿತು. ಅದೇ ಧೈರ್ಯದಲ್ಲಿ 2011ರ ಕೊನೆಗೆ ಪಿಎಸ್ ವೀಟಾ ಬಂತು. ಒಎಲ್‌ಇಡಿ ಪರದೆ, ಎರಡು ಸ್ಟಿಕ್, ಹಿಂಬದಿಯಲ್ಲೂ ಟಚ್‌ಪ್ಯಾಡ್. ಯಂತ್ರದಲ್ಲಿ ಕೊರತೆ ಹುಡುಕುವುದು ಕಷ್ಟ. ಆದರೆ ಮಾಮೂಲಿ ಎಸ್‌ಡಿ ಕಾರ್ಡ್ ನಡೆಯದು, ಸೋನಿಯದೇ ದುಬಾರಿ ಮೆಮೊರಿ ಕಾರ್ಡ್ ಬೇಕು. ಪಿಎಸ್4 ಬಂದ ಮೇಲಂತೂ ಸೋನಿಯ ಸ್ವಂತ ಸ್ಟುಡಿಯೊಗಳೇ ಇದರತ್ತ ನೋಡುವುದನ್ನು ಬಿಟ್ಟವು. 2019ರಲ್ಲಿ ತಯಾರಿಕೆ ನಿಂತಿತು. 2021ರಲ್ಲಿ ವೀಟಾದ ಆನ್‌ಲೈನ್ ಅಂಗಡಿಯನ್ನೂ ಮುಚ್ಚುವುದಾಗಿ ಹೇಳಿದ ಸೋನಿ, ಆಟಗಾರರು ಗಲಾಟೆ ಎಬ್ಬಿಸಿದ ಮೇಲೆ ಹಿಂದೆ ಸರಿಯಿತು. ನಂಬಿ ದುಡ್ಡು ಹಾಕಿದವರನ್ನು ನಡುದಾರಿಯಲ್ಲಿ ಬಿಡುವುದೆಂದರೆ ಇದೇ.

ಟಿವಿಗೊಂದು ಯಂತ್ರ, ಕೈಗೊಂದು ಯಂತ್ರ, ಎರಡಕ್ಕೂ ಬೇರೆ ಬೇರೆ ಆಟ ಎಂದರೆ ಎರಡು ಒಲೆ ಹೊತ್ತಿಸಿದಂತೆ. ಸೌದೆ ಕಡಿಮೆಯಾದಾಗ ಮೊದಲು ಆರುವುದು ಚಿಕ್ಕ ಒಲೆಯೇ. ನಿಂಟೆಂಡೊ 2017ರಲ್ಲಿ ಸ್ವಿಚ್ ತಂದು ಎರಡನ್ನೂ ಒಂದು ಮಾಡಿತು. ಅದು 15 ಕೋಟಿ ದಾಟಿತು. ವಾಲ್ವ್ ಇನ್ನೂ ಜಾಣ. ಜನ ಪಿಸಿಗೆಂದು ಆಗಲೇ ಕೊಂಡಿದ್ದ ಆಟಗಳನ್ನೇ ಕೈಗೆ ತಂದುಕೊಟ್ಟಿತು.

ಹಾಗಾಗಿ ನನ್ನ ಷರತ್ತು ಇಷ್ಟೆ: ಹೊಸ ಹ್ಯಾಂಡ್‌ಹೆಲ್ಡ್‌ನಲ್ಲಿ ನಾವು ಈಗಾಗಲೇ ಕೊಂಡ ಪಿಎಸ್4 ಆಟಗಳು ನೇರವಾಗಿ ನಡೆಯಬೇಕು. ಇದು ಕನಸಲ್ಲ. ಪಿಎಸ್4, ಪಿಎಸ್5, ಸ್ಟೀಮ್ ಡೆಕ್ ಮೂರರಲ್ಲೂ ಇರುವುದು ಎಎಂಡಿ ಚಿಪ್ಪೇ, ಮತ್ತು ಡೆಕ್ ಈಗಾಗಲೇ ಪಿಎಸ್4ನ ಶಕ್ತಿಯ ಹತ್ತಿರ ಬಂದಿದೆ. 2023ರ ಪ್ಲೇಸ್ಟೇಷನ್ ಪೋರ್ಟಲ್ ಇದಕ್ಕೆ ಉತ್ತರವಲ್ಲ. ಅದರೊಳಗೆ ಆಟ ನಡೆಯುವುದೇ ಇಲ್ಲ, ಬೇರೆಲ್ಲೋ ನಡೆಯುವ ಆಟ ಇಂಟರ್ನೆಟ್ ಮೂಲಕ ಪರದೆಗೆ ಬರುತ್ತದೆ. ಹಾಸ್ಟೆಲ್ ವೈಫೈ ನಂಬಿ ಅದನ್ನು ಕೊಳ್ಳುವ ಧೈರ್ಯ ಯಾರಿಗಿದೆ?

ಫೋನ್ ಇದೆಯಲ್ಲ ಎನ್ನುವವರು, ಪರದೆಯ ಕಾಲು ಭಾಗ ತಮ್ಮ ಹೆಬ್ಬೆರಳಿಂದಲೇ ಮುಚ್ಚಿಹೋಗುವುದನ್ನು ಒಮ್ಮೆ ಗಮನಿಸಲಿ.

ಉಳಿಯುವ ತೊಡಕು ಡಿಸ್ಕ್‌ನದು. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡು, ಆಡಿ ಮುಗಿಸಿ, ಮತ್ತೆ ಮಾರುವ ನಮ್ಮಂಥವರ ಆಟಗಳು ಡಿಸ್ಕ್ ಹಾಕಲಾಗದ ಯಂತ್ರಕ್ಕೆ ಬರುವುದು ಹೇಗೆ? 2009ರಲ್ಲಿ ಡಿಸ್ಕ್ ಡ್ರೈವ್ ತೆಗೆದುಹಾಕಿ ತಂದ ಪಿಎಸ್‌ಪಿ ಗೋದಲ್ಲಿ ಸೋನಿ ಇದೇ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ. ಈ ಸಲ ಏನು ಹೇಳುತ್ತದೋ ನೋಡಿಕೊಂಡೇ ನಾನು ದುಡ್ಡು ಕೂಡಿಡಲು ಶುರು ಮಾಡುವುದು.