ಕುದುರೆ ನಿಂತೇ ನಿದ್ದೆ ಮಾಡುತ್ತೆ, ನಮಗೆ ಸ್ಟೂಲ್ ಬೇಕು

ಕುದುರೆ ನಿಂತಲ್ಲೇ ತೂಕಡಿಸಬಲ್ಲದು ಅಂತ ಶಾಲೆಯಲ್ಲಿ ಕೇಳಿದ್ದೆವಲ್ಲ, ಅದು ನಿಜವೇ. ಅದರ ಕಾಲಿನ ಕೀಲುಗಳನ್ನು ಸ್ನಾಯುರಜ್ಜುಗಳು ಒಂಥರಾ ಲಾಕ್ ಮಾಡಿಬಿಡುತ್ತವೆ. ಹೆಚ್ಚು ಶಕ್ತಿ ಖರ್ಚಾಗದೆ ಗಂಟೆಗಟ್ಟಲೆ ನಿಂತಿರುತ್ತದೆ. ಗಾಢ ನಿದ್ದೆ ಬೇಕೆಂದರೆ ಮಾತ್ರ ಅದೂ ಮಲಗಲೇಬೇಕು. ಮನುಷ್ಯನ ಕಾಲಿಗೆ ಈ ಫೀಚರ್ ಇಲ್ಲ. ಆದರೆ ನಮ್ಮ ಊರಿನ ಎಷ್ಟೋ ಅಂಗಡಿ ಮಾಲೀಕರು ಇದೆ ಅಂತಲೇ ನಂಬಿಕೊಂಡಿದ್ದಾರೆ :-)

ಕುದುರೆ ಯಾಕೆ ನೆನಪಾಯಿತು ಅಂದರೆ, ಬಸವೇಶ್ವರನಗರದಲ್ಲಿ ನಮ್ಮ ಮನೆಯ ಮಹಡಿ ಮೇಲೆ ಬಾಡಿಗೆಗಿದ್ದ ಒಬ್ಬ ಅಕ್ಕ ಎರಡು ವರ್ಷ ಕುದುರೆ ಸವಾರಿ ಸಾಮಾನು ಮಾರುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಜೀನು, ಲಗಾಮು, ಉದ್ದನೆಯ ಬೂಟು, ಹೆಲ್ಮೆಟ್ಟು, ಕುದುರೆ ಮೈ ಉಜ್ಜುವ ಬ್ರಷ್ಷು. ಬೆಂಗಳೂರಲ್ಲಿ ಇದನ್ನೆಲ್ಲ ಕೊಳ್ಳುವವರಿದ್ದಾರಾ ಅಂತ ನಾನು ಬೆರಗಾಗಿ ಕೇಳಿದ್ದೆ. ಇದ್ದಾರೆ. ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಿದ್ದ ಅಕ್ಕ ಒಂದು ಮಾತು ಹೇಳಿದ್ದರು: "ಜೀನು ಇಡೋಕೆ ಮರದ ಸ್ಟ್ಯಾಂಡ್ ಇತ್ತು ಕಣಪ್ಪಾ. ನೆಲದ ಮೇಲೆ ಇಟ್ಟರೆ ಆಕಾರ ಕೆಟ್ಟುಹೋಗುತ್ತಂತೆ. ನಂಗೆ ಮಾತ್ರ ಒಂದು ಸ್ಟೂಲ್ ಇರಲಿಲ್ಲ."

ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ. ಕಂಪನಿಗಳ "ವರ್ಕ್ ಕಲ್ಚರ್" ಬಗ್ಗೆ ನಾವು ಸಾಫ್ಟ್‌ವೇರ್ ಮಂದಿ ಎಷ್ಟು ಕೊರೆಯುತ್ತೇವೆ! ಮ್ಯಾನೇಜರ್ ಹೇಗೆ, ಅಪ್ರೈಸಲ್ ಹೇಗೆ, ವರ್ಕ್ ಫ್ರಂ ಹೋಮ್ ಎಷ್ಟು ದಿನ... ಆದರೆ ಒಂದು ಅಂಗಡಿಯ ವರ್ಕ್ ಕಲ್ಚರ್ ತಿಳಿಯಬೇಕಾದರೆ ಇಷ್ಟೆಲ್ಲ ಬೇಕಾಗಿಲ್ಲ. ಒಳಗೆ ಹೋಗಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕೆಲಸದವರು ಕೂತಿದ್ದಾರಾ ನಿಂತಿದ್ದಾರಾ ಅಂತ ನೋಡಿ. ಅಷ್ಟು ಸಾಕು.

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆ ಇರಲಿ, ವಿಜಯನಗರದ ಪೇಟೆ ಬೀದಿ ಇರಲಿ, ಕೆಂಗೇರಿ ಉಪನಗರ ಇರಲಿ, ಮಧ್ಯಾಹ್ನ ಮೂರು ಗಂಟೆಗೆ ಒಂದು ಸುತ್ತು ಹಾಕಿ ನೋಡಿ. ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಮೊಬೈಲ್ ಅಂಗಡಿ, ಒಡವೆ ಅಂಗಡಿ. ಒಳಗೆ ಒಬ್ಬ ಗಿರಾಕಿಯೂ ಇರುವುದಿಲ್ಲ, ಆದರೂ ನಾಲ್ಕು ಹುಡುಗಿಯರು ಕೌಂಟರಿಗೆ ಬೆನ್ನು ತಾಗಿಸಿಕೊಂಡು ನಿಂತಿರುತ್ತಾರೆ. ಎಷ್ಟೋ ಕಡೆ ಗಲ್ಲಾಪೆಟ್ಟಿಗೆ ಹಿಂದೆ ಇರುವುದು ಒಂದೇ ಕುರ್ಚಿ, ಅದು ಮಾಲೀಕರದ್ದು. ಬಾಗಿಲ ಹತ್ತಿರ ಮೆತ್ತನೆಯ ಸ್ಟೂಲುಗಳೂ ಇರುತ್ತವೆ, ಅವು ಗಿರಾಕಿಗಳದ್ದು. ತಲೆಯ ಮೇಲೆ ಕ್ಯಾಮೆರಾ. ಮೊದಲು ಮಾಲೀಕರು ಆ ಕಡೆ ಹೋದಾಗ ಬಟ್ಟೆ ಬಂಡಲಿನ ಮೇಲಾದರೂ ಎರಡು ನಿಮಿಷ ಕೂರಬಹುದಿತ್ತಂತೆ. ಈಗ ಮಾಲೀಕರು ಊರಲ್ಲಿಲ್ಲದಿದ್ದರೂ ಅವರ ಫೋನಿನಲ್ಲಿ ಅಂಗಡಿ ಇರುತ್ತದೆ.

ಸಂಜೆಯ ಕಥೆ ಇನ್ನೂ ಒಂದಿದೆ. ರಾತ್ರಿ ಒಂಬತ್ತೂವರೆಗೆ ಶಟರ್ ಅರ್ಧ ಎಳೆಯುತ್ತಾರೆ. ಹೊರಗಿನವರಿಗೆ ಅಂಗಡಿ ಮುಚ್ಚಿತು. ಒಳಗೆ ಮಾತ್ರ ಹರಡಿದ ಸೀರೆಗಳನ್ನೆಲ್ಲ ಮತ್ತೆ ಮಡಚಿ, ಬಣ್ಣದ ಪ್ರಕಾರ ಜೋಡಿಸಿ, ಲೆಕ್ಕ ಒಪ್ಪಿಸುವ ಕೆಲಸ ಆಗಷ್ಟೇ ಶುರುವಾಗುತ್ತದೆ. ಅದೂ ನಿಂತುಕೊಂಡೇ. ಆಮೇಲೆ ಸುಂಕದಕಟ್ಟೆಗೋ ಲಗ್ಗೆರೆಗೋ ಬಸ್ಸು ಹಿಡಿಯಬೇಕು. ಬಸ್ಸಲ್ಲಾದರೂ ಸೀಟು ಸಿಗುತ್ತದಾ ಅಂತ ಕೇಳಬೇಡಿ.

ನಿಂತರೆ ಏನಾಗುತ್ತೆ, ಪೊಲೀಸರೂ ನಿಲ್ಲಲ್ವಾ ಅಂತ ಕೇಳುವವರಿದ್ದಾರೆ. ಆಗುವುದು ಇಷ್ಟು. ಕಾಲಿನಲ್ಲಿರುವ ರಕ್ತ ಗುರುತ್ವಾಕರ್ಷಣೆಗೆ ಎದುರಾಗಿ ಮೇಲೆ ಹೃದಯಕ್ಕೆ ಏರಬೇಕು. ಏರಿಸುವ ಪಂಪು ನಮ್ಮ ಮೀನಖಂಡದ ಸ್ನಾಯು. ನಡೆದಾಡುವಾಗ ಆ ಪಂಪು ಕೆಲಸ ಮಾಡುತ್ತದೆ, ಒಂದೇ ಕಡೆ ನಿಂತಾಗ ಮಾಡುವುದಿಲ್ಲ. ರಕ್ತ ಕೆಳಗೇ ನಿಲ್ಲುತ್ತದೆ, ಪಾದ ಊದಿಕೊಳ್ಳುತ್ತದೆ. ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಪುಟ್ಟ ಕವಾಟಗಳು ವರ್ಷಗಟ್ಟಲೆ ಈ ಭಾರ ಹೊತ್ತು ಸೋತರೆ ನಾಳಗಳು ಉಬ್ಬಿ ಗಂಟುಗಂಟಾಗುತ್ತವೆ. ವೆರಿಕೋಸ್ ವೇನ್ಸ್ ಅಂತಾರಲ್ಲ, ಅದು. ಜೊತೆಗೆ ಸೊಂಟ ನೋವು, ಹಿಮ್ಮಡಿ ನೋವು. ಸಣ್ಣ ಅಂಗಡಿಯಾದರೆ ಟಾಯ್ಲೆಟ್ಟೂ ಇರುವುದಿಲ್ಲ, ಅದಕ್ಕೇ ಹೆಣ್ಣುಮಕ್ಕಳು ನೀರನ್ನೇ ಕುಡಿಯುವುದಿಲ್ಲ. ರಾಜಾಜಿನಗರದಲ್ಲೇ ದೊಡ್ಡ ಇಎಸ್‌ಐ ಆಸ್ಪತ್ರೆ ಇದೆ, ಒಳ್ಳೆಯದೇ. ಆದರೆ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಮುಗಿಯುವ ಕೆಲಸವನ್ನು ಆಸ್ಪತ್ರೆಯ ಕ್ಯೂವರೆಗೆ ಯಾಕೆ ಒಯ್ಯಬೇಕು?

ಈಗ ವಿಷಯಕ್ಕೆ ಬರುತ್ತೇನೆ. ಇದು ಅವರ ಸಮಸ್ಯೆ, ನಾವು ಮರುಗಿದರೆ ಸಾಕು ಅಂತ ಅಂದುಕೊಳ್ಳಬೇಡಿ. ನಾನು ಕೆಲಸ ಮಾಡುವ ಸಾಫ್ಟ್‌ವೇರ್ ಕಂಪನಿಗೂ ಆ ಸೀರೆ ಅಂಗಡಿಗೂ ಅನ್ವಯಿಸುವ ಕಾನೂನು ಒಂದೇ: 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ನಾವು ಕಾರ್ಖಾನೆಯವರಲ್ಲ. ಕಾನೂನಿನ ಕಣ್ಣಲ್ಲಿ ನಾವೂ ಅವರೂ ಅಕ್ಕಪಕ್ಕದವರು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಓವರ್‌ಟೈಮ್ ಸೇರಿದರೂ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ 50 ಗಂಟೆಗಿಂತ ಹೆಚ್ಚು ಓವರ್‌ಟೈಮ್ ಇಲ್ಲ, ಓವರ್‌ಟೈಮಿಗೆ ಎರಡರಷ್ಟು ಕೂಲಿ, ಐದು ಗಂಟೆ ದುಡಿದ ಮೇಲೆ ಒಂದು ಗಂಟೆ ವಿರಾಮ, ವಾರಕ್ಕೊಂದು ರಜೆ. ಇದೆಲ್ಲ ಆ ಕಾಯ್ದೆಯ ಮಾತು. ಶಟರ್ ಅರ್ಧ ಎಳೆದ ಮೇಲಿನ ಹೊತ್ತಿಗೆ ಎರಡರಷ್ಟು ಕೂಲಿ ಕೊಡುವ ಅಂಗಡಿ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನಾನು ಅಲ್ಲೇ ಸೀರೆ ಕೊಳ್ಳುತ್ತೇನೆ.

ಈ ಕಾಯ್ದೆಯ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಮೊದಲ ಸಲ ಕಿವಿಗೆ ಬಿದ್ದದ್ದು 2024ರ ಜುಲೈನಲ್ಲಿ. ಐಟಿಯವರು ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಯಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ಬಂದಾಗ. ಐಟಿ ನೌಕರರ ಸಂಘ ಕಿಟು ಬೀದಿಗಿಳಿಯಿತು, ಪತ್ರಿಕೆಗಳು ಬರೆದವು, ನಮ್ಮ ಆಫೀಸಿನ ಕಾಫಿ ಮೆಷಿನ್ ಹತ್ತಿರ ಒಂದು ವಾರ ಅದೇ ಚರ್ಚೆ. ಮತ್ತೆ 2025ರ ಜೂನಿನಲ್ಲಿ ದಿನಕ್ಕೆ 9 ಗಂಟೆಯನ್ನು 10 ಮಾಡುವ, ಓವರ್‌ಟೈಮ್ ಸೇರಿ 12ಕ್ಕೆ ಒಯ್ಯುವ, ಮೂರು ತಿಂಗಳ 50 ಗಂಟೆಯನ್ನು 144 ಮಾಡುವ ಪ್ರಸ್ತಾವ. ಮತ್ತೆ ಗಲಾಟೆ. ಸರಿಯಾದ ಗಲಾಟೆಯೇ. ಆದರೆ ಎರಡನೇ ಸಲದ ಪ್ರಸ್ತಾವ ಐಟಿಯವರಿಗೆ ಮಾತ್ರ ಸಂಬಂಧಿಸಿದ್ದಲ್ಲ, ಚಪ್ಪಲಿ ಅಂಗಡಿಯ ಹುಡುಗನಿಗೂ ಸಂಬಂಧಿಸಿದ್ದು. ನಾವು 12 ಗಂಟೆ ಕೂರಬೇಕಾಗುತ್ತೆ ಅಂತ ಹೆದರಿದೆವು. ಅವನು 12 ಗಂಟೆ ನಿಲ್ಲಬೇಕಾಗುತ್ತಿತ್ತು. ಅವನನ್ನು ಯಾವ ಟಿವಿಯವರೂ ಕೇಳಲಿಲ್ಲ.

ಆ 1961ರ ಕಾಯ್ದೆಯಲ್ಲಿ ಕೂರುವ ಜಾಗದ ಬಗ್ಗೆ ಒಂದು ಪ್ರತ್ಯೇಕ ಸೆಕ್ಷನ್ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಿನಲ್ಲಿ ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಬೇಕು ಅಂತಿತ್ತು. ಅಂದರೆ ಪೀಣ್ಯದ ಲೇತ್ ಮುಂದೆ ನಿಂತವನಿಗೆ ಕಾನೂನಿನಲ್ಲಿ ಸ್ಟೂಲ್ ಇತ್ತು, ಅವನ ಹೆಂಡತಿ ನಿಲ್ಲುವ ಅಂಗಡಿಗೆ ಇರಲಿಲ್ಲ! 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ, ಕೆಲಸದ ಸ್ಥಳದ ಸುರಕ್ಷತೆ ಕುರಿತ ಸಂಹಿತೆ ಈ ಕೂರುವ ವ್ಯವಸ್ಥೆಯನ್ನು ಅಂಗಡಿ ಮುಂಗಟ್ಟುಗಳಿಗೂ ತರುತ್ತದೆ. ಆದರೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಗೆ ಮಾತ್ರ. ನಮ್ಮ ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ನಾಲ್ಕೈದು ಜನರಿಂದ ನಡೆಯುವ ಅಂಗಡಿಗಳು ಎಷ್ಟಿವೆ ಅಂತ ಒಮ್ಮೆ ಎಣಿಸಿ ನೋಡಿ. ಅವರೆಲ್ಲ ಹೊರಗೆ.

ಪಕ್ಕದ ರಾಜ್ಯದವರು ಇಷ್ಟಕ್ಕೆ ಕಾಯಲಿಲ್ಲ. ಕೋಝಿಕ್ಕೋಡಿನ ಮಿಠಾಯಿ ತೆರುವು ಅನ್ನುವ ಪೇಟೆ ಬೀದಿಯಲ್ಲಿ ಟೈಲರ್ ಆಗಿದ್ದ ಪಿ. ವಿಜಿ ಎಂಬ ಹೆಣ್ಣುಮಗಳು ಅಂಗಡಿ ಕೆಲಸದ ಹೆಂಗಸರನ್ನು ಒಟ್ಟುಸೇರಿಸಿ "ಪೆಣ್‌ಕೂಟ್ಟು" ಕಟ್ಟಿದರು. ಮೊದಲು ಕೇಳಿದ್ದು ಟಾಯ್ಲೆಟ್. ಆಮೇಲೆ ಕೂರುವ ಹಕ್ಕು. 2014ರ ಕೊನೆಯಲ್ಲಿ ತ್ರಿಶೂರಿನ ಒಂದು ದೊಡ್ಡ ಸೀರೆ ಅಂಗಡಿಯ ಹೆಂಗಸರು ತಿಂಗಳುಗಟ್ಟಲೆ ಮುಷ್ಕರ ಕೂತರು. ಕೂರುವುದಕ್ಕೋಸ್ಕರ ಬೀದಿಯಲ್ಲಿ ಕೂರಬೇಕಾಯಿತು ನೋಡಿ! 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೂರುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ವಿಜಿಯವರ ಹೆಸರು ಆ ವರ್ಷದ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಬಂತು. 2021ರಲ್ಲಿ ತಮಿಳುನಾಡೂ ಹಾಗೇ ಮಾಡಿತು. ಅಲ್ಲಿ ವಸಂತಬಾಲನ್ ಅವರ "ಅಂಗಾಡಿ ತೆರು" ಸಿನಿಮಾ 2010ರಲ್ಲೇ ಟಿ. ನಗರದ ಬಟ್ಟೆ ಅಂಗಡಿಯ ಹುಡುಗ ಹುಡುಗಿಯರ ಪಾಡನ್ನು ತೆರೆಗೆ ತಂದಿತ್ತು.

ಇದೇನು ಕಮ್ಯುನಿಸ್ಟರ ಹೊಸ ಐಡಿಯಾ ಅಂತ ಮೂಗು ಮುರಿಯುವವರಿಗೆ ಇನ್ನೆರಡು ಉದಾಹರಣೆ. ಬ್ರಿಟನ್ನಿನಲ್ಲಿ ಅಂಗಡಿ ಕೆಲಸದ ಹೆಂಗಸರಿಗೆ ಆಸನ ಕೊಡಬೇಕು ಅನ್ನುವ ಕಾಯ್ದೆ ಬಂದದ್ದು 1899ರಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಮೂವರಿಗೆ ಒಂದು ಆಸನ. ಇನ್ನು ಅಮೆರಿಕದ ವಾಲ್‌ಮಾರ್ಟ್, ಕ್ಯಾಲಿಫೋರ್ನಿಯಾದ ಕ್ಯಾಷಿಯರುಗಳಿಗೆ ಆಸನ ಕೊಟ್ಟಿಲ್ಲ ಅನ್ನುವ ಮೊಕದ್ದಮೆಯಲ್ಲಿ 2018ರಲ್ಲಿ 6.5 ಕೋಟಿ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿತು. ಯುರೋಪಿನ ಸೂಪರ್‌ಮಾರ್ಕೆಟ್ಟುಗಳಿಗೆ ಆನ್‌ಸೈಟ್ ಹೋಗಿ ಬಂದವರು ನೋಡಿಯೇ ಇರುತ್ತೀರಿ, ಅಲ್ಲಿ ಬಿಲ್ಲು ಹಾಕುವವರು ಆರಾಮಾಗಿ ಕೂತೇ ಹಾಕುತ್ತಾರೆ. ವ್ಯಾಪಾರವೇನೂ ನಿಂತಿಲ್ಲ.

ಮಾಲೀಕರ ವಾದವನ್ನೂ ಕೇಳೋಣ. ನಮ್ಮ ಬಡಾವಣೆಯಲ್ಲಿ ಪರಿಚಯದ ಒಬ್ಬ ಅಂಗಡಿಯವರು ಹೇಳಿದ್ದು: "ಗಿರಾಕಿ ಬಂದಾಗ ಹುಡುಗರು ಕೂತಿದ್ರೆ ಮರ್ಯಾದೆ ಕೊಡಲಿಲ್ಲ ಅಂತ ಅವರೇ ಎದ್ದು ಹೋಗ್ತಾರೆ ಸಾರ್. ನಾನೂ ಇದೇ ರೀತಿ ನಿಂತೇ ಮೇಲೆ ಬಂದವನು." ಎರಡನೇ ಮಾತಿಗೆ ನನ್ನ ಉತ್ತರ ಸುಲಭ. ಇದು ಹಾಸ್ಟೆಲಿನ ರ‍್ಯಾಗಿಂಗ್ ತರ್ಕ. ನಮ್ಮ ಸೀನಿಯರುಗಳೂ ಇದನ್ನೇ ಹೇಳುತ್ತಿದ್ದರು. ಮೊದಲನೇ ಮಾತಿನಲ್ಲಿ ಮಾತ್ರ ಸತ್ಯ ಇದೆ, ಮತ್ತು ಅದು ಚುಚ್ಚುವುದು ಮಾಲೀಕರನ್ನಲ್ಲ, ನಮ್ಮನ್ನು. ನಮಗೆ ಅಂಗಡಿಗೆ ಹೋದ ತಕ್ಷಣ ಯಾರಾದರೂ ಎದ್ದು ನಿಲ್ಲಬೇಕು. ಮೇಷ್ಟ್ರು ಬಂದಾಗ ಕ್ಲಾಸು ಎದ್ದು ನಿಂತ ಹಾಗೆ. ಆಫೀಸಿನಲ್ಲಿ ಬಾಸ್ ಬಂದರೂ ಕುರ್ಚಿಯಿಂದ ಏಳದವರು, ಬಾಸನ್ನು ಹೆಸರು ಹಿಡಿದೇ ಕರೆಯುವವರು, ಇನ್ನೂರು ರೂಪಾಯಿಯ ಲೆಗ್ಗಿಂಗ್ಸ್ ಕೊಳ್ಳುವಾಗ ಎದುರಿಗಿರುವವಳು ನಿಂತಿರಬೇಕು ಅಂತ ಬಯಸುತ್ತೇವೆ. ಜಾಗ ಇಲ್ಲ ಅನ್ನುವ ಮಾತಂತೂ ಬೇಡ. ಮಾರಲು ಜೋಡಿಸಿದ ಬೊಂಬೆಗಳಿಗೆ ಜಾಗ ಇದೆ.

ಏನಾಗಬೇಕು? ನನಗೆ ತೋಚಿದ್ದು ಹೇಳುತ್ತೇನೆ. ಒಂದು, ಕೇರಳ ತಮಿಳುನಾಡಿನ ಹಾಗೆ ನಮ್ಮ 1961ರ ಕಾಯ್ದೆಗೇ ಕೂರುವ ಹಕ್ಕಿನ ಒಂದು ಸೆಕ್ಷನ್ ಸೇರಬೇಕು. ಇಬ್ಬರೇ ದುಡಿಯುವ ಅಂಗಡಿಗೂ ಅದು ಅನ್ವಯಿಸಬೇಕು. ಜೊತೆಗೆ ಟಾಯ್ಲೆಟ್. ಒಂದೊಂದು ಅಂಗಡಿಗೂ ಕಟ್ಟಿಸಲು ಜಾಗವಿಲ್ಲದಿದ್ದರೆ ಕಾಂಪ್ಲೆಕ್ಸಿಗೊಂದು, ಬೀಗ ಹಾಕದ್ದು. ಎರಡು, ಅದನ್ನು ಯಾರಾದರೂ ಬಂದು ನೋಡಬೇಕು. 2024ರ ಶುರುವಿನಲ್ಲಿ ಆಗಿನ ಬಿಬಿಎಂಪಿಯವರು ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇದೆಯಾ ಅಂತ ಅಂಗಡಿ ಅಂಗಡಿ ಸುತ್ತಿದ್ದರು. ನನಗೆ ಅದರಿಂದ ಬಹಳ ಖುಷಿಯಾಗಿತ್ತು. ಬೋರ್ಡು ನೋಡಲು ಬಾಗಿಲವರೆಗೆ ಬರಲು ಸಾಧ್ಯವಾದರೆ, ಇನ್ನು ನಾಲ್ಕು ಹೆಜ್ಜೆ ಒಳಗೆ ಬಂದು ಸ್ಟೂಲು ನೋಡಲೂ ಸಾಧ್ಯ. ಬೋರ್ಡಿನ ಮೇಲಿನ ಕನ್ನಡ ಎಷ್ಟು ಮುಖ್ಯವೋ, ಬೋರ್ಡಿನ ಕೆಳಗೆ ದಿನವಿಡೀ ನಿಲ್ಲುವ ಕನ್ನಡದ ಹುಡುಗಿಯೂ ಅಷ್ಟೇ ಮುಖ್ಯ ಅಲ್ಲವೇ? ಮೂರು, ಮುಂದಿನ ಸಲ ಕೆಲಸದ ಗಂಟೆ ಹೆಚ್ಚಿಸುವ ಪ್ರಸ್ತಾವ ಬಂದಾಗ ನಾವು ಐಟಿಯವರು "ನಮ್ಮನ್ನು ಬಿಟ್ಟುಬಿಡಿ" ಅಂತ ಕೇಳುವುದು ಬೇಡ. "ಈ ಕಾಯ್ದೆಯ ಕೆಳಗಿರುವ ಯಾರನ್ನೂ ಮುಟ್ಟಬೇಡಿ" ಅಂತ ಕೇಳೋಣ. ನಮ್ಮ ಜೊತೆ ಅವರ ಸಂಖ್ಯೆಯೂ ಸೇರಿದರೆ ದನಿಗೆ ತೂಕ ಬರುತ್ತದೆ. ಇದು ದಾನವಲ್ಲ, ಲೆಕ್ಕಾಚಾರ.

ಕಾನೂನು ಬರುವವರೆಗೆ ಮಾಡಬಹುದಾದ ಕೆಲಸವೂ ಒಂದಿದೆ, ಅದಕ್ಕೆ ಕಾಸು ಖರ್ಚಿಲ್ಲ. ಅಂಗಡಿಯಲ್ಲಿ ಮಾಲೀಕರಿಗೆ ಕೇಳುವ ಹಾಗೆ ಹೇಳಿ: "ಕೂತ್ಕೊಂಡೇ ತೋರಿಸಿಮ್ಮಾ, ಪರವಾಗಿಲ್ಲ." ಗಿರಾಕಿಗಾಗಿಯೇ ನಿಲ್ಲಿಸಿದ್ದೇನೆ ಅಂತ ಹೇಳುವ ಮಾಲೀಕರಿಗೆ ಗಿರಾಕಿಯ ಮಾತಿಗಿಂತ ದೊಡ್ಡ ನೋಟೀಸು ಇನ್ಯಾವುದು? ಹಿಂದೆ ಒಂದು ಸ್ಟೂಲೂ ಇಲ್ಲದಿದ್ದರೆ, ಯಾಕಿಲ್ಲ ಅಂತ ನಗುನಗುತ್ತಲೇ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಸ್ಟೂಲು ಕಾಣಿಸಬಹುದು.

ನಿಮ್ಮ ಊರಿನಲ್ಲಿ, ನಿಮ್ಮ ಬೀದಿಯಲ್ಲಿ ಹೇಗಿದೆ? ನಿಮ್ಮಲ್ಲಿ ಯಾರಾದರೂ ಓದುವಾಗ ಅಂಗಡಿಯಲ್ಲಿ ದುಡಿದವರಿದ್ದರೆ ಖಂಡಿತ ಬರೆಯಿರಿ. ಕೆಲಸದವರನ್ನು ಕೂರಿಸುವ ಅಂಗಡಿ ಗೊತ್ತಿದ್ದರೆ ಅದನ್ನೂ ಬರೆಯಿರಿ, ಹಬ್ಬದ ಬಟ್ಟೆ ಅಲ್ಲೇ ತೆಗೆಯೋಣ.