ಮನೆಯಂಗಳವೂ ಮಲೆಯ ಗಿಡಗಳೂ

ಮುಂಗಾರು ಬಿದ್ದೊಡನೆ ಸಕಲೇಶಪುರ, ಆಲೂರು ಸೀಮೆಗಳಲ್ಲಿ ಹೊಸ ಮನೆ ಕಟ್ಟಿಸಿದವರಿಗೆ ಹೂದೋಟದ ಚಿಂತೆ ಹತ್ತುವುದು ವಾಡಿಕೆ. ಸಸಿ ಮಾರುವವರಲ್ಲಿಗೆ ಹೋಗಿ, ಹೂವಿನ ಬಣ್ಣವೊಂದನ್ನೇ ನೋಡಿ, ಹೆಸರೂ ಊರೂ ಅರಿಯದ ಗಿಡಗಳನ್ನು ಹೊತ್ತು ತರುತ್ತಾರೆ. ಹೆಗ್ಗದ್ದೆಯ ಬೆಟ್ಟದಲ್ಲಿ ತಾನಾಗಿ ಬೆಳೆವ ಗಿಡವು ಬೆಟ್ಟದ ಬುಡದ ಅಂಗಳದಲ್ಲಿ ಅಪರೂಪವಾಗುತ್ತಿರುವುದು ವಿಷಾದಕರವೇ ಸರಿ.

ಇದು ಬರಿಯ ಅಭಿರುಚಿಯ ಮಾತಾಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. 19ನೆಯ ಶತಮಾನದ ಆದಿಯಲ್ಲಿ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದ ಅಮೆರಿಕದ ಲಂಟಾನವು ಇಂದು ಬಂಡೀಪುರದ ಕಾಡಿನೊಳಹೊಕ್ಕು, ಆನೆ ಜಿಂಕೆಗಳ ಮೇವಿನ ಹುಲ್ಲಿಗೆ ಎಡೆಯಿಲ್ಲದಂತೆ ಮಾಡಿದೆ. ಕೆರೆಗಳನ್ನು ಮುಚ್ಚಿರುವ ನೀಲಿ ಹೂವಿನ ಅಂತರಗಂಗೆಯೂ ಚೆಲುವಿಗಾಗಿಯೇ ಬಂದದ್ದು. ಹಸುರು ಹಾಸಿಗೆಂದು ಈಗ ಅಂಗಳದಲ್ಲಿ ನೆಡುವ, ಹಳದಿ ಹೂವಿನ ವೆಡೇಲಿಯ ಬಳ್ಳಿಯೂ ಅದೇ ಜಾಡು ಹಿಡಿದಿದೆ. ಈ ಮೂರನ್ನೂ ತಜ್ಞರು ಜಗತ್ತಿನ 100 ಘೋರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ.

ಇನ್ನೊಂದು ಬಗೆಯ ಕೇಡನ್ನೂ ವಾಚಕರು ಗಮನಿಸಬೇಕು. ನಮ್ಮ ರಾಜ್ಯದ ಚಿಟ್ಟೆಯೆನಿಸಿದ, ಕಪ್ಪು ಹಳದಿ ರೆಕ್ಕೆಯ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಕೆಲವೇ ಗಿಡಗಳ ಮೇಲೆ. ಆಸ್ಟ್ರೇಲಿಯದಲ್ಲಿ ಇದರ ದಾಯಾದಿಯಾದ ರಿಚ್ಮಂಡ್ ಬರ್ಡ್‌ವಿಂಗ್, ದಕ್ಷಿಣ ಅಮೆರಿಕದಿಂದ ತಂದ ಅದೇ ಬಳಗದ ಅಲಂಕಾರದ ಬಳ್ಳಿಗೆ ಮರುಳಾಗಿ ಮೊಟ್ಟೆಯಿಡುತ್ತದೆ. ಎಲೆ ತಿಂದ ಮರಿಹುಳುಗಳು ಸಾಯುತ್ತವೆ. ತೋಟದೊಡೆಯನು ಬಯಸಿದ್ದು ಹೂವನ್ನು ಮಾತ್ರ, ಸಂದದ್ದು ವಿಷ.

ಹೊರಗಿನದೆಲ್ಲ ತ್ಯಾಜ್ಯವೆಂದು ನಾವು ಹೇಳುತ್ತಿಲ್ಲ. ಈ ಸೀಮೆಗೆ ಅನ್ನವಿಕ್ಕುವ ಕಾಫಿಯೇ ಹೊರಗಿನಿಂದ ಬಂದದ್ದು. ಪೂಜೆಯ ಚೆಂಡುಹೂವಿನ ತವರು ಮೆಕ್ಸಿಕೊ. ಇವು ನೆಟ್ಟಲ್ಲಿ ನಿಂತು ನಮ್ಮೊಡನೆ ಬಾಳುತ್ತಿವೆ. ಬೇಲಿ ಹಾರಿ ಕಾಡು ನುಂಗುವ ಗಿಡವನ್ನು ಮಾತ್ರ ಮನೆಗೆ ಕರೆಯಬಾರದು.

ಹಾಗಾದರೆ ಏನನ್ನು ನೆಡಬೇಕು? ಜಾಗವುಳ್ಳವರು ಸಂಪಿಗೆಯನ್ನೋ ರಂಜವನ್ನೋ ನೆಡಲಿ. ಸಂಪಿಗೆಯ ಬೀಜಕ್ಕೆ ಹಕ್ಕಿಗಳು ಬರುತ್ತವೆ. ಒಣಗಿದರೂ ಕಂಪು ಬಿಡದ ಸುರಗಿಗೆ ಎಣೆಯುಂಟೆ? ಬೇಲಿಗೆ ಕೇಪಳ, ಚಪ್ಪರಕ್ಕೆ ಈಶ್ವರಿ ಬಳ್ಳಿ, ಮಳೆಗಾಲದ ತೇವಕ್ಕೆ ಕರ್ಣಕುಂಡಲ, ನೆಲಕ್ಕೆ ಗರಿಕೆ ಸಾಕು. ಆದರೆ ಕಾಡಿನಿಂದ ಗಿಡ ಕಿತ್ತು ತರುವುದೂ ಮರದ ಮೇಲಿನ ಸೀತಾಳೆಯನ್ನು ಬಿಡಿಸಿ ತರುವುದೂ ಪ್ರೀತಿಯಲ್ಲ, ಕಳವು. ಬೀಜದಿಂದಲೋ ಸಸಿತೋಟದಿಂದಲೋ ಬೆಳೆಸತಕ್ಕದ್ದು.

ಅಧಿಕಾರಿ ಮಹನೀಯರಲ್ಲಿ ನಮ್ಮದೊಂದು ಅರಿಕೆ. ಕಚೇರಿ, ಶಾಲೆ, ಪ್ರವಾಸಿ ಮಂದಿರಗಳ ಅಂಗಳಗಳು ಜನರಿಗೆ ಮೇಲ್ಪಂಕ್ತಿ. ಅಲ್ಲಿ ವೆಡೇಲಿಯವನ್ನು ಕೀಳಿಸಿ ಸುರಗಿ, ಕೇಪಳಗಳನ್ನು ನೆಡಿಸಲಿ. ಅರಣ್ಯ ಇಲಾಖೆಯ ಸಸಿತೋಟಗಳು ಇವುಗಳ ಸಸಿಗಳನ್ನು ಹೆಚ್ಚಾಗಿ ಬೆಳೆಸಿ ಸುಲಭ ಬೆಲೆಗೆ ಒದಗಿಸಲಿ. ಪಶ್ಚಿಮಘಟ್ಟವು 2012ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಆ ಘಟ್ಟದ ಮಡಿಲಲ್ಲಿ ಮನೆ ಕಟ್ಟಿದವರು ಅದರ ಒಂದು ಗಿಡಕ್ಕಾದರೂ ತಮ್ಮ ಅಂಗಳದಲ್ಲಿ ಎಡೆ ಕೊಡುವರೆಂದು ನಾವು ನಂಬುತ್ತೇವೆ.